ಮನೆಯಲ್ಲಿ ಹಾರ್ನ್ ಸ್ಪೀಕರ್: ಮೊದಲು ಜಾಗ, ಆಮೇಲೆ ಖರ್ಚು

ಹಾರ್ನ್ ಎಂದ ಕೂಡಲೇ ನಮ್ಮ ಊರಿನವರ ಕಣ್ಣಿಗೆ ಬರುವುದು ಜಾತ್ರೆಗೆ ಮೈಕ್‌ನವರು ತೆಂಗಿನ ಮರಕ್ಕೆ ಕಟ್ಟುವ ದುಂಡಗಿನ ಹಾರ್ನ್. ಮಾತು ದೂರಕ್ಕೆ ಮುಟ್ಟಲಿ ಎಂದೇ ಮಾಡಿದ ವಸ್ತು ಅದು. ಸುಮಾರು 300 ಹರ್ಟ್ಸ್‌ನಿಂದ ಕೆಳಗೆ ಅದರಲ್ಲಿ ಏನೂ ಬರುವುದಿಲ್ಲ, ಮೇಲೂ ಐದಾರು ಸಾವಿರ ಹರ್ಟ್ಸ್‌ಗೆ ಮುಗಿಯಿತು. ಅದನ್ನು ಮನೆಯೊಳಗೆ ತಂದು ಸಂಗೀತ ಕೇಳುವ ಪ್ರಯತ್ನ ಬೇಡ. ಇಲ್ಲಿ ಹೇಳುವುದು ಬೇರೆ ಜಾತಿಯ ಬಗ್ಗೆ: ಕೆಳಗೆ 12 ಅಥವಾ 15 ಇಂಚಿನ ವೂಫರ್ (ಬೇಸ್ ನುಡಿಸುವ ದೊಡ್ಡ ಸ್ಪೀಕರ್) ಇರುವ ಪೆಟ್ಟಿಗೆ, ಮೇಲೆ ಕಂಪ್ರೆಶನ್ ಡ್ರೈವರ್ (ಹಾರ್ನಿನ ಕಿರಿದಾದ ಗಂಟಲಿಗೆ ಶಬ್ದ ಊಡುವ ಘಟಕ) ಸಿಕ್ಕಿಸಿದ ಹಾರ್ನ್. ಮುಚ್ಚಿದ ಟಾಕೀಸಿನಿಂದ ಬಂದದ್ದಿರಲಿ, ಸೌಂಡ್ಸ್‌ನವರು ಹಳೆಯದೆಂದು ಮಾರಿದ್ದಿರಲಿ, ಹೊಸದಾಗಿ ತರಿಸಿದ್ದಿರಲಿ, ಸರಿಪಡಿಸುವ ಕ್ರಮ ಒಂದೇ.

"ಹಾರ್ನ್ ಕಿರುಚುತ್ತದೆ" ಎಂಬ ದೂರು ಬಂದಲ್ಲೆಲ್ಲ ಹೋಗಿ ನೋಡಿದರೆ ತಪ್ಪು ಹೆಚ್ಚಾಗಿ ಹಾರ್ನಿನದ್ದಾಗಿರುವುದಿಲ್ಲ. ವೂಫರಿಗಿಂತ ಹಾರ್ನ್ ಎಂಟು ಹತ್ತು ಡೆಸಿಬಲ್ ಜೋರಾಗಿರುತ್ತದೆ, ಅಥವಾ ಹಾರ್ನಿನ ಬಾಯಿ ಕಿವಿಯ ಎತ್ತರಕ್ಕಿರುವುದಿಲ್ಲ, ಅಥವಾ ಲೋಹದ ಹಾರ್ನ್ ತಾನೇ ಗಂಟೆಯ ಹಾಗೆ ನಾದ ಹೊಡೆಯುತ್ತಿರುತ್ತದೆ. ಈ ಮೂರನ್ನೂ ಸಾವಿರ ಎರಡು ಸಾವಿರದೊಳಗೆ ಸರಿಮಾಡಬಹುದು. ದುಬಾರಿ ಕೆಪಾಸಿಟರ್, ದುಬಾರಿ ವಯರ್, ಹೊಸ ಆಂಪ್ಲಿಫಯರ್ ಎಲ್ಲ ಆಮೇಲಿನ ಮಾತು. ಆದ್ದರಿಂದ ಕೆಲಸದ ಸರದಿ ಹೀಗಿರಲಿ: ಜಾಗ, ಮಟ್ಟ, ಸಮಯ, ಸೋರಿಕೆ ಮತ್ತು ನಾದ, ಕೊನೆಗೆ ಕೆಳಗಿನ ಸ್ವರವನ್ನು ವೂಫರಿಗೂ ಮೇಲಿನದ್ದನ್ನು ಹಾರ್ನಿಗೂ ಹಂಚುವ ಕ್ರಾಸ್‌ಓವರ್.

ಜಾಗ

12 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ನಮ್ಮ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಉದ್ದದ ಗೋಡೆಗಳ ನಡುವೆ 41 ಹರ್ಟ್ಸ್, ಅಗಲದಲ್ಲಿ 48, ನೆಲ ಮತ್ತು ಮಾಡಿನ ನಡುವೆ 57 ಹರ್ಟ್ಸ್ ಆಸುಪಾಸಿನಲ್ಲಿ ಬೇಸ್ ಗುಮ್ಮೆನ್ನುತ್ತದೆ. ಕೆಂಪುಕಲ್ಲಿನ ಗೋಡೆ, ಆರ್‌ಸಿಸಿ ತಾರಸಿ ಇರುವ ಮನೆಯಲ್ಲಿ ಈ ಗುಮ್ಮು ಹೆಚ್ಚು. ಹಂಚಿನ ಮನೆಯಲ್ಲಿ ಮಂಗಳೂರು ಹಂಚಿನ ಸಂದಿನಿಂದ ಬೇಸ್ ಹೊರಗೆ ಹೋಗಿಬಿಡುತ್ತದೆ, ಮಾಡು ಇಳಿಜಾರಾದ್ದರಿಂದ ಮೇಲಿನ ಪ್ರತಿಧ್ವನಿಯೂ ಚೆದುರುತ್ತದೆ. ಹಾರ್ನಿಗೆ ಹಂಚಿನ ಚಾವಡಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ, ಮಳೆ ಹೊಯ್ಯದಿರುವಷ್ಟು ಹೊತ್ತು.

ಪೆಟ್ಟಿಗೆಗಳನ್ನು 12 ಅಡಿಯ ಗೋಡೆಯ ಕಡೆಗೆ ಇಡಿ. ಎರಡೂ ಹಾರ್ನಿನ ನಡುವೆ ಮಧ್ಯದಿಂದ ಮಧ್ಯಕ್ಕೆ 7 ಅಡಿ. ಆಗ ಬದಿಯ ಗೋಡೆಗೆ ಎರಡೂವರೆ ಅಡಿ ಉಳಿಯುತ್ತದೆ. ಪೆಟ್ಟಿಗೆಯ ಮುಖ ಹಿಂದಿನ ಗೋಡೆಯಿಂದ 2 ಅಡಿ ಮುಂದಿರಲಿ. ಎರಡೂ ಅಳತೆ ಒಂದೇ ಆಗಕೂಡದು, ಕಾರಣವಿದೆ. ಗೋಡೆಗೆ ತಾಗಿ ಮರಳುವ ಬೇಸ್ ನೇರ ಬರುವ ಬೇಸನ್ನು ಒಂದು ನಿರ್ದಿಷ್ಟ ಕಂಪನದಲ್ಲಿ ಕೊಲ್ಲುತ್ತದೆ: 2 ಅಡಿಗೆ ಅದು ಸುಮಾರು 145 ಹರ್ಟ್ಸ್, ಎರಡೂವರೆ ಅಡಿಗೆ ಸುಮಾರು 115. ಎರಡೂ ಗೋಡೆ ಒಂದೇ ದೂರದಲ್ಲಿದ್ದರೆ ಎರಡು ಗುಂಡಿಗಳು ಒಂದೇ ಕಡೆ ಬಿದ್ದು ಆಳವಾಗುತ್ತವೆ, ಮದ್ದಳೆಯ ಗುಂ ಎನ್ನುವ ದನಿ ಮಾಯವಾಗುತ್ತದೆ. ವೂಫರಿನ ಮಧ್ಯಬಿಂದು ನೆಲದಿಂದ ಇರುವ ಎತ್ತರವೂ ಈ ಎರಡಕ್ಕೆ ಸಮನಾಗದಿರಲಿ.

ಕೂರುವ ಕುರ್ಚಿ ಪೆಟ್ಟಿಗೆಯ ಮುಖದಿಂದ 9 ಅಡಿ ಹಿಂದೆ ಇಡಿ, ಬೆನ್ನ ಹಿಂದೆ 3 ಅಡಿ ಉಳಿಯುತ್ತದೆ. ಹಾರ್ನಿಗೂ ಕಿವಿಗೂ ಆಗ ಸುಮಾರು 3 ಮೀಟರ್. ಇದಕ್ಕಿಂತ ಬಹಳ ಹತ್ತಿರ ಕೂತರೆ ವೂಫರಿನ ದನಿ ಕೆಳಗಿಂದ, ಹಾರ್ನಿನ ದನಿ ಮೇಲಿಂದ ಬೇರೆ ಬೇರೆಯಾಗಿ ಬರುತ್ತದೆ. ಗೋಡೆಗೆ ತಲೆ ಒರಗಿಸಿ ಕೂತರೆ ಬೇಸ್ ಉಬ್ಬುತ್ತದೆ. ಕೋಣೆಯ ಸರೀ ನಡುವೆ, ಅಂದರೆ 7 ಅಡಿಯಲ್ಲಿ ಕೂತರೆ 41 ಹರ್ಟ್ಸ್ ಇಲ್ಲವೇ ಇಲ್ಲ.

ಎತ್ತರ ಅಳೆದೇ ನೋಡಿ. ಕುರ್ಚಿಯಲ್ಲಿ ಕೂತವರ ಕಿವಿ ನೆಲದಿಂದ 95ರಿಂದ 105 ಸೆಂಟಿಮೀಟರ್, ನೆಲದಲ್ಲಿ ಚಾಪೆ ಹಾಕಿ ಕೂತರೆ 75ರಿಂದ 80. ಹಾರ್ನಿನ ಬಾಯಿಯ ಮಧ್ಯ ಅದೇ ಎತ್ತರಕ್ಕೆ ಬರಬೇಕು. ಪೆಟ್ಟಿಗೆ ಗಿಡ್ಡವಾದರೆ ಹಲಸಿನ ಹಲಗೆಯ ಅಟ್ಟೆ ಕೊಡಿ, ಎತ್ತರವಾದರೆ ಹಾರ್ನಿನ ಹಿಂಬದಿಗೆ ಬೆಣೆ ಕೊಟ್ಟು ಬಾಯಿಯನ್ನು ಕೆಳಮುಖವಾಗಿಸಿ. 90 ಗುಣಿಸು 40 ಡಿಗ್ರಿಯ ಹಾರ್ನ್ ಎಂದರೆ ಅಡ್ಡಕ್ಕೆ 90 ಡಿಗ್ರಿ ಹರಡುತ್ತದೆ, ಉದ್ದಕ್ಕೆ 40 ಮಾತ್ರ. ಎತ್ತರದಲ್ಲಿ ತಪ್ಪಿದರೆ ಮೇಲಿನ ಸ್ವರಗಳ ಮೆರುಗು ತಲೆಯ ಮೇಲಿಂದ ಹಾದು ಹೋಗುತ್ತದೆ.

ಹಾರ್ನ್ ಎಲ್ಲಿಯವರೆಗೆ ಶಬ್ದವನ್ನು ಹಿಡಿದಿಡುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಹತ್ತು ಲಕ್ಷವನ್ನು ಡಿಗ್ರಿಯಿಂದಲೂ ಇಂಚಿನಲ್ಲಿರುವ ಬಾಯಿಯ ಅಳತೆಯಿಂದಲೂ ಭಾಗಿಸಿ. 16 ಇಂಚು ಅಗಲ, 90 ಡಿಗ್ರಿ ಆದರೆ ಸುಮಾರು 700 ಹರ್ಟ್ಸ್. 8 ಇಂಚು ಎತ್ತರ, 40 ಡಿಗ್ರಿ ಆದರೆ ಸುಮಾರು 3,100 ಹರ್ಟ್ಸ್. ಅದರಿಂದ ಕೆಳಗೆ ಶಬ್ದ ನೆಲಕ್ಕೂ ಮಾಡಿಗೂ ಚೆಲ್ಲುತ್ತದೆ. ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲದ ಮನೆಯಲ್ಲಿ ಸ್ಪೀಕರಿಗೂ ಕುರ್ಚಿಗೂ ನಡುವೆ ದಪ್ಪ ಜಮಖಾನ ಬೇಕೇ ಬೇಕು ಎನ್ನುವುದು ಇದೇ ಕಾರಣಕ್ಕೆ.

ಈಗ ಒಳಮುಖ ತಿರುಗಿಸುವ ಕೆಲಸ, ಹಾರ್ನಿನಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ. ಎರಡೂ ಹಾರ್ನನ್ನು ಕಿವಿಗೆ ಗುರಿಯಿಡಬೇಡಿ. ಕುರ್ಚಿಗಿಂತ ಒಂದೂಕಾಲು ಅಡಿ ಮುಂದೆ ಒಂದು ಸ್ಟೂಲ್ ಇಟ್ಟು, ಪ್ರತಿ ಹಾರ್ನಿನ ಬಾಯಿಯ ಮಧ್ಯದಿಂದ ಅದರವರೆಗೆ ಗಾರೆಯವರು ಬಳಸುವ ನೂಲು ಎಳೆಯಿರಿ. ಪೆಟ್ಟಿಗೆಯನ್ನು ನೂಲಿನ ದಿಕ್ಕಿಗೆ ತಿರುಗಿಸಿ, ನಮ್ಮ ಅಳತೆಗೆ ಅದು ಸುಮಾರು 24 ಡಿಗ್ರಿ. ಎರಡೂ ಗೆರೆ ಕೇಳುಗನ ಮುಂದೆ ಒಂದನ್ನೊಂದು ದಾಟಬೇಕು. ಎಡಗಡೆ ಕೂತವನಿಗೆ ಎಡ ಸ್ಪೀಕರ್ ಹತ್ತಿರ, ಆದರೆ ಅದರ ಮುಖ ಅವನಿಂದ ಆಚೆಗೆ. ಬಲ ಸ್ಪೀಕರ್ ದೂರ, ಆದರೆ ಅದರ ಮುಖ ಅವನ ಕಡೆಗೆ. ಹತ್ತಿರದ ಲಾಭ ಹೀಗೆ ಸರಿದೂಗುತ್ತದೆ, ಯಕ್ಷಗಾನದ ಭಾಗವತರು ಎಡಬಲ ಕೂತ ಇಬ್ಬರಿಗೂ ನಡುವೆಯೇ ನಿಲ್ಲುತ್ತಾರೆ. ಮನೆಯಲ್ಲಿ ಮೂರು ಜನ ಸಾಲಾಗಿ ಕೂತು ಆಟ ಕೇಳುವವರಾದರೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಬದಿ ಗೋಡೆಯ ಪ್ರತಿಧ್ವನಿಯೂ ಇದರಿಂದಲೇ ಕಡಿಮೆಯಾಗುತ್ತದೆ.

ಸೀಲಿಂಗ್ ಫ್ಯಾನ್ ಕುರ್ಚಿಯ ನೆತ್ತಿಯ ಮೇಲೇ ಇದ್ದರೆ ಕುರ್ಚಿಯನ್ನು ಒಂದಡಿ ಸರಿಸಿ. ರೆಕ್ಕೆಗೆ ತಾಗಿ ಬರುವ ಶಬ್ದ ಉದ್ದನೆಯ ಸ್ವರದಲ್ಲಿ ನಡುಕದ ಹಾಗೆ ಕೇಳುತ್ತದೆ. ಅಳತೆ ಮಾಡುವಾಗಲಂತೂ ಫ್ಯಾನ್ ಬಂದ್.

ಮೂಲೆ ಹಾರ್ನ್ ಇದ್ದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಪಾಲ್ ಕ್ಲಿಪ್ಶ್ 1946ರಲ್ಲಿ ಕಂಪನಿ ತೆರೆದು ಮಾರಿದ ಕ್ಲಿಪ್ಶ್‌ಹಾರ್ನ್‌ನ ಉಪಾಯವೇ ಕೋಣೆಯ ಎರಡು ಗೋಡೆಗಳನ್ನು ಬೇಸ್ ಹಾರ್ನಿನ ಮುಂದುವರಿಕೆಯಾಗಿ ಬಳಸುವುದು. ಮೂಲೆ ಸರಿಯಾಗಿ 90 ಡಿಗ್ರಿ ಇದ್ದು, ಎರಡೂ ಕಡೆ ಕನಿಷ್ಠ 4 ಅಡಿ ಬಾಗಿಲು ಕಿಟಕಿಯಿಲ್ಲದ ಗೋಡೆ ಇರಬೇಕು. ಗೋಡೆಗೆ ತಾಗುವಲ್ಲಿ ರಬ್ಬರ್ ಫೋಮ್ ಪಟ್ಟಿ ಅಂಟಿಸಿ ಸಂದು ಮುಚ್ಚಿ.

ಮಟ್ಟ ಹೊಂದಿಸುವುದು

15 ಇಂಚಿನ ವೂಫರ್ ಒಂದು ವಾಟಿಗೆ ಒಂದು ಮೀಟರಿನಲ್ಲಿ 96–97 ಡೆಸಿಬಲ್ ಕೊಟ್ಟರೆ ಹಾರ್ನ್ 107ರ ಹತ್ತಿರ ಕೊಡುತ್ತದೆ. ಈ 10 ಡೆಸಿಬಲ್ ಇಳಿಸದೆ ಕೇಳಿದರೆ ಕಿರುಚದೆ ಇನ್ನೇನಾಗುತ್ತದೆ? ಹಲವರು ಒಂದು ರೆಸಿಸ್ಟರ್ ಸರಣಿಯಲ್ಲಿ ಹಾಕಿ ಬಿಡುತ್ತಾರೆ. ಅದು ತಪ್ಪು: ಕ್ರಾಸ್‌ಓವರಿಗೆ ಕಾಣುವ ಓಮ್ ಬದಲಾಗಿ ಕತ್ತರಿಸುವ ಜಾಗವೇ ಸರಿದುಹೋಗುತ್ತದೆ. ಎಲ್-ಪ್ಯಾಡ್ ಹಾಕಿ, ಎರಡು ರೆಸಿಸ್ಟರಿನದು. ಒಂದು ಸರಣಿಯಲ್ಲಿ, ಇನ್ನೊಂದು ಡ್ರೈವರಿಗೆ ಸಮಾಂತರವಾಗಿ. 8 ಓಮ್ ಡ್ರೈವರಿಗೆ 6 ಡೆಸಿಬಲ್ ಇಳಿಸಲು ಸರಣಿಗೆ 3.9, ಸಮಾಂತರಕ್ಕೆ 8.2 ಓಮ್. 10 ಡೆಸಿಬಲಿಗೆ 5.6 ಮತ್ತು 3.6. 12 ಡೆಸಿಬಲಿಗೆ 6 ಮತ್ತು 2.7. ಎಲ್ಲವೂ 10 ವಾಟಿನ ವಯರ್‌ವೂಂಡ್ ಇರಲಿ, ಪ್ಲೈವುಡ್ಡಿಗೆ ತಾಗದ ಹಾಗೆ ಅರ್ಧ ಇಂಚು ಎತ್ತಿ ಕಟ್ಟಿ.

ಕ್ರಾಸ್‌ಓವರ್ ಆದ ಮೇಲೆ, ಡ್ರೈವರಿಗಿಂತ ಮೊದಲು, ಅದರ ಸ್ಥಾನ. ಇದರಿಂದ ಇನ್ನೊಂದು ಲಾಭವೂ ಇದೆ. ಹಾರ್ನಿಗೆ ಕಿವಿಯಿಟ್ಟರೆ ಕೇಳುವ ಆಂಪ್ಲಿಫಯರಿನ "ಸ್ಸ್" ಎಂಬ ಸದ್ದೂ ಅಷ್ಟೇ ಡೆಸಿಬಲ್ ಇಳಿಯುತ್ತದೆ.

ಈಗಿನ ಸಮಾನ ಹರವಿನ ಹಾರ್ನ್‌ಗಳಲ್ಲಿ ಸುಮಾರು 4,000 ಹರ್ಟ್ಸ್‌ನಿಂದ ಮೇಲೆ ದನಿ ತಾನಾಗಿ ಇಳಿಯುತ್ತಾ ಹೋಗುತ್ತದೆ, ಏಕೆಂದರೆ ಇದ್ದ ಶಕ್ತಿಯನ್ನು ಅದು ಅಗಲಕ್ಕೆ ಹಂಚಿಬಿಟ್ಟಿರುತ್ತದೆ. 5.6 ಓಮಿನ ರೆಸಿಸ್ಟರಿಗೆ ಸಮಾಂತರವಾಗಿ 3.3 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಮೇಲಿನದ್ದಕ್ಕೆ ಅಡ್ಡದಾರಿ ಸಿಕ್ಕಿ ಮೆರುಗು ಮರಳುತ್ತದೆ. ಸಾಲದಿದ್ದರೆ 4.7. ಅದಕ್ಕೂ ಹೆಚ್ಚು ಬೇಕೆನಿಸಿದರೆ ಡಯಾಫ್ರಾಮ್ (ಡ್ರೈವರಿನೊಳಗೆ ಕಂಪಿಸುವ ತೆಳು ಹಾಳೆ) ಸೋತಿದೆಯೋ ನೋಡಿ.

ಅಳೆಯಲು ಯುಮಿಕ್-1 ತರಹದ ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಜಾರ್ಡ್ ಎಂಬ ಕಂಪ್ಯೂಟರ್ ತಂತ್ರಾಂಶ ಸಾಕು. ಕಿವಿಯಿಂದಲೂ ಪರೀಕ್ಷೆ ಆಗಬೇಕು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನ ಒಳ್ಳೆಯ ಧ್ವನಿಮುದ್ರಣವೊಂದನ್ನು ಹಾಕಿ. ಆಲ್ಟೋ ಸ್ಯಾಕ್ಸೊಫೋನಿನ ಮೂಲ ಸ್ವರಗಳು ಸುಮಾರು 140ರಿಂದ 880 ಹರ್ಟ್ಸ್‌ನೊಳಗೆ, ಅಂದರೆ ವೂಫರಿನ ಪಾಲು. ಅದರ ಹೊಳಪು, ಗಾಳಿ, ರೀಡಿನ ಸಣ್ಣ ಕೆರೆತ ಎಲ್ಲ ಹಾರ್ನಿನ ಪಾಲು. ಆಲಾಪನೆ ಮೇಲೇರುವಾಗ ವಾದ್ಯ ನಿಮ್ಮ ಕಡೆಗೆ ಒಂದು ಹೆಜ್ಜೆ ಬಂದಂತೆ ಕಂಡರೆ ಹಾರ್ನ್ ಇನ್ನೂ ಜೋರಿದೆ, 1 ಡೆಸಿಬಲ್ ಇಳಿಸಿ. ಹಿಂದೆ ಸರಿದಂತೆ ಕಂಡರೆ ಏರಿಸಿ.

ಸಮಯದ ಹೊಂದಾಣಿಕೆ

ವೂಫರಿನ ಕಾಯಿಲ್ (ಕೋನನ್ನು ಆಡಿಸುವ ತಂತಿಸುರುಳಿ) ಪೆಟ್ಟಿಗೆಯ ಮುಖದ ಹತ್ತಿರವಿದ್ದರೆ ಹಾರ್ನಿನ ಡಯಾಫ್ರಾಮ್ ಬಾಯಿಯಿಂದ ಒಂದಡಿ ಹಿಂದಿರುತ್ತದೆ. 30 ಸೆಂಟಿಮೀಟರ್ ಹಿಂದೆ ಎಂದರೆ 0.86 ಮಿಲಿಸೆಕೆಂಡ್ ತಡ. ಕೇಳಲು ಅಲ್ಪ, ಆದರೆ ಕ್ರಾಸ್‌ಓವರ್ ಕತ್ತರಿಸುವುದು 1,200 ಹರ್ಟ್ಸ್‌ನಲ್ಲಾದರೆ ಅಲ್ಲಿ ಒಂದು ಅಲೆಯ ಉದ್ದವೇ 29 ಸೆಂಟಿಮೀಟರ್, ಹಾಗಾಗಿ ಹಾರ್ನ್ ಒಂದು ಇಡೀ ಅಲೆಯಷ್ಟು ಹಿಂದೆ ಬಿದ್ದಿರುತ್ತದೆ. ಚೆಂಡೆಯ ಪೆಟ್ಟಿನಲ್ಲಿ ಇದು ಗೊತ್ತಾಗುತ್ತದೆ: ಕೋಲು ಚರ್ಮಕ್ಕೆ ತಾಗಿದ ಚಟ್ ಒಂದು ಕಡೆ, ಚೆಂಡೆಯ ದನಿ ಇನ್ನೊಂದು ಕಡೆ.

ಹಾರ್ನನ್ನು ಪೆಟ್ಟಿಗೆಯ ಮೇಲೆ ಬಿಡಿಯಾಗಿ ಇಡುವ ಹಾಗಿದ್ದರೆ ಮುಂದಕ್ಕೆ ಸರಿಸಬಹುದು, ಆದರೆ ಬಾಯಿ ಮುಂದೆ ಚಾಚಿ ಬೀಳುವ ಭಯವಿರುತ್ತದೆ. ಎರಡು ಆಂಪ್ಲಿಫಯರ್ ಮತ್ತು ಮಿನಿಡಿಎಸ್‌ಪಿ ತರಹದ, ಶಬ್ದವನ್ನು ಡಿಜಿಟಲ್ ಆಗಿ ಹಂಚಿ ತಡ ಕೊಡಬಲ್ಲ ಸಾಧನ ಇದ್ದರೆ ವೂಫರಿಗೆ 0.86 ಮಿಲಿಸೆಕೆಂಡ್ ತಡ ಕೊಡುವುದು ಎಲ್ಲಕ್ಕಿಂತ ಸುಲಭ. ಸರಿಯಾಯಿತೋ ಎಂದು ತಿಳಿಯಲು ಹಾರ್ನಿನ ಪ್ಲಸ್ ಮೈನಸ್ ಅದಲು ಬದಲು ಮಾಡಿ ಅಳೆಯಿರಿ. ಕ್ರಾಸ್‌ಓವರ್ ಜಾಗದಲ್ಲಿ ಚೂಪಾದ ಆಳವಾದ ಗುಂಡಿ ಬಿದ್ದರೆ ತಡ ಸರಿಯಿದೆ. ಮತ್ತೆ ಮೊದಲಿನಂತೆ ಜೋಡಿಸಿ.

ಹಾಗೆ ಡ್ರೈವರಿಗೆ ನೇರ ಆಂಪ್ಲಿಫಯರ್ ಕೊಡುವವರು ಸರಣಿಯಲ್ಲಿ 68 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಲೇಬೇಕು. 8 ಓಮಿಗೆ ಅದು ಸುಮಾರು 300 ಹರ್ಟ್ಸ್‌ನಿಂದ ಕೆಳಗಿನದ್ದನ್ನು ತಡೆಯುತ್ತದೆ. ಆಂಪ್ಲಿಫಯರ್ ಆನ್ ಮಾಡುವಾಗ ಬರುವ "ಧಡ್" ಒಂದೇ ಸಾಕು, ಕೂದಲೆಳೆಯಂಥ ಕಾಯಿಲ್ ಸುಡಲು.

ಪ್ಲಸ್ ಮೈನಸ್ ಬಗ್ಗೆ ಒಂದು ಎಚ್ಚರ. ವೂಫರಿಗೆ 1.5 ವೋಲ್ಟಿನ ಸೆಲ್ ಮುಟ್ಟಿಸಿದಾಗ ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಪ್ಲಸ್. ಹಳೆಯ ಜೆಬಿಎಲ್ ವೂಫರಿನಲ್ಲಿ ಇದು ಉಲ್ಟಾ, ಕೆಂಪು ಟರ್ಮಿನಲಿಗೆ ಪ್ಲಸ್ ಕೊಟ್ಟರೆ ಕೋನ್ ಒಳಗೆ ಹೋಗುತ್ತದೆ. ಬಣ್ಣ ನೋಡಿ ಜೋಡಿಸಬೇಡಿ. ಹಾರ್ನ್ ಡ್ರೈವರಿಗೆ ಸೆಲ್ ಮುಟ್ಟಿಸಬೇಡಿ.

ಸೋರಿಕೆ ಮತ್ತು ನಾದ

ಹಾರ್ನಿನ ಬೆನ್ನಿಗೆ ಬೆರಳ ಗೆಣ್ಣಿನಿಂದ ತಟ್ಟಿ. "ಟಕ್" ಎಂದರೆ ಒಳ್ಳೆಯದು. "ಠಣ್" ಎಂದು ಉಳಿದರೆ ಪ್ರತಿ ಜಾಗಟೆಗೂ ತಾಳಕ್ಕೂ ಆ ಠಣ್ ಸೇರಿಕೊಳ್ಳುತ್ತದೆ. ಕಾರ್ ಎಕ್ಸೆಸರೀಸ್ ಅಂಗಡಿಯಲ್ಲಿ ಸಿಗುವ 2 ಮಿಲಿಮೀಟರ್ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ತನ್ನಿ. ಡಾಂಬರಿನದು ಅಗ್ಗ, ಆದರೆ ಏಪ್ರಿಲ್ ಸೆಕೆಗೆ ಮೆತ್ತಗಾಗಿ ಜಾರುತ್ತದೆ, ವಾಸನೆಯೂ ಬಿಡುತ್ತದೆ. ಹಾರ್ನಿನ ಹೊರಮೈಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೂರರಲ್ಲಿ ಎರಡು ಪಾಲು ಮುಚ್ಚುವಷ್ಟು ಅಂಟಿಸಿ, ರೋಲರಿನಿಂದ ಗಟ್ಟಿಯಾಗಿ ಒತ್ತಿ. ಒಳಮೈಗೆ ಏನನ್ನೂ ಅಂಟಿಸಬಾರದು. ಮರದ ಹಾರ್ನಿಗೆ ಇದು ಬೇಡ.

ಆಮೇಲೆ ಗಂಟಲು. ಡ್ರೈವರ್ ಬಿಚ್ಚಿ ಅದರ ಬಾಯಿ ಮತ್ತು ಹಾರ್ನಿನ ಗಂಟಲು ಒಂದೇ ಅಳತೆಯೋ ನೋಡಿ. 1 ಇಂಚಿನ ಡ್ರೈವರನ್ನು ದೊಡ್ಡ ಗಂಟಲಿಗೆ ಹೇಗೋ ಸಿಕ್ಕಿಸಿದ್ದರೆ ಅಲ್ಲಿ ಒಂದು ಮೆಟ್ಟಿಲು ಉಳಿಯುತ್ತದೆ. ಉಗುರಿನಿಂದ ಒಳಗಿಂದ ಸವರಿದರೆ ತಗಲುತ್ತದೆ. ಆ ಮೆಟ್ಟಿಲಿಗೆ ತಾಗಿ ಶಬ್ದ ಹಿಂದೆ ಮರಳಿ, ಗ್ರಾಫಿನಲ್ಲಿ ಗರಗಸದ ಹಲ್ಲಿನಂತೆ ಏರಿಳಿತ ಬರುತ್ತದೆ. ಸರಿಯಾದ ಅಡಾಪ್ಟರ್ ಬೇಕು. ನಡುವಿನ ಗ್ಯಾಸ್ಕೆಟನ್ನು 1 ಮಿಲಿಮೀಟರ್ ಕಾರ್ಕ್ ಅಥವಾ ರಬ್ಬರ್ ಹಾಳೆಯಿಂದ ಕತ್ತರಿಸಿ, ಅದರ ಅಂಚು ತೂತಿನೊಳಗೆ ಒಂದೆಳೆಯೂ ಇಣುಕಬಾರದು.

ಬೇಸ್ ಪೆಟ್ಟಿಗೆಯ ಸೋರಿಕೆ ಹುಡುಕಲು ಊದುಬತ್ತಿ ಸಾಕು. 40 ಹರ್ಟ್ಸ್ ಟೋನನ್ನು ಸಣ್ಣ ಮಟ್ಟದಲ್ಲಿ ಹಾಕಿ, ಫ್ಯಾನ್ ನಿಲ್ಲಿಸಿ, ಹೊಗೆಯನ್ನು ಮೂಲೆ, ಟರ್ಮಿನಲ್ ಪ್ಲೇಟ್, ವೂಫರಿನ ಸುತ್ತ ನಿಧಾನ ಒಯ್ಯಿರಿ. ನೇರ ಏರುತ್ತಿದ್ದ ಹೊಗೆಯ ಎಳೆ ಎಲ್ಲಿ ನಡುಗಿ ಒಡೆಯುತ್ತದೋ ಅಲ್ಲಿ ತೂತಿದೆ. ಬೇಸ್‌ಗಾಗಿ ಪೆಟ್ಟಿಗೆಯಲ್ಲಿ ಬೇಕೆಂದೇ ಬಿಟ್ಟ ತೂತಿನ, ಅಂದರೆ ಪೋರ್ಟಿನ, ಬಾಯಲ್ಲಿ ನಡುಗುವುದು ಸಹಜ.

ಹಾರ್ನಿನಲ್ಲಿ "ಗರ್" ಸದ್ದು ಬರುತ್ತಿದ್ದರೆ ಕಾಯಿಲ್ ಎಲ್ಲೋ ತಾಗುತ್ತಿದೆ. ಉಪ್ಪುಗಾಳಿಗೆ ಡ್ರೈವರಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಹುಡಿ ಕಾಯಿಲ್ ಆಡುವ ಸಣ್ಣ ಗ್ಯಾಪಿಗೆ ಬೀಳುವುದು ಇಲ್ಲಿ ಸಾಮಾನ್ಯ. ಹಿಂದಿನ ಮುಚ್ಚಳ ತೆಗೆದು, ಡಯಾಫ್ರಾಮಿನ ಸ್ಥಾನ ಗುರುತು ಹಾಕಿ, ಹಿತ್ತಾಳೆಯ ಸ್ಕ್ರೂಡ್ರೈವರಿನಿಂದ ಬಿಚ್ಚಿ. ಕಬ್ಬಿಣದ್ದಾದರೆ ಮ್ಯಾಗ್ನೆಟ್ ಸೆಳೆದು ಡಯಾಫ್ರಾಮನ್ನೇ ತೂತು ಮಾಡುತ್ತದೆ. ವಿಸಿಟಿಂಗ್ ಕಾರ್ಡಿಗೆ ಮಾಸ್ಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಸುತ್ತಿ ಗ್ಯಾಪಿನಲ್ಲಿ ಸುತ್ತಲೂ ಒರೆಸಿ, ಟೇಪಿನಲ್ಲಿ ಕಪ್ಪು ಹುಡಿ ಬರುವುದು ನಿಲ್ಲುವವರೆಗೆ. ಮರಳಿ ಕೂರಿಸುವಾಗ ಸ್ಕ್ರೂಗಳನ್ನು ಅರ್ಧ ಬಿಗಿದು, ಸಣ್ಣ ಮಟ್ಟದಲ್ಲಿ 500 ಹರ್ಟ್ಸ್ ಟೋನ್ ಹಾಕಿ, ಡಯಾಫ್ರಾಮನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾ ಶುದ್ಧ ಸ್ವರ ಬಂದಲ್ಲಿ ಎದುರುಬದುರು ಸ್ಕ್ರೂ ಸರದಿಯಲ್ಲಿ ಬಿಗಿಯಿರಿ. 8 ಓಮ್ ಕಾಯಿಲ್ ಮೀಟರಿನಲ್ಲಿ ಸುಮಾರು 5.5ರಿಂದ 6.5 ತೋರಿಸಬೇಕು.

ಕ್ರಾಸ್‌ಓವರ್ ಮತ್ತು ವಯರ್

ಮೊದಲು ಫೋಟೋ ತೆಗೆಯಿರಿ. ಹಳೆಯ ನಾನ್-ಪೋಲಾರ್ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳ ಒಂದು ಕಾಲು ಬಿಡಿಸಿ ಅಳೆಯಿರಿ, ಬರೆದದ್ದಕ್ಕಿಂತ 10 ಶೇಕಡಕ್ಕೂ ಹೆಚ್ಚು ವ್ಯತ್ಯಾಸವಿದ್ದರೆ ಬದಲಿಸಿ. ಅದೇ ಮೈಕ್ರೋಫ್ಯಾರಡಿನ 250 ವೋಲ್ಟ್ ಪಾಲಿಪ್ರೊಪಿಲೀನ್ ಹಾಕಿ. ಹೊಸದರ ಒಳತಡೆ ಕಡಿಮೆಯಾದ್ದರಿಂದ ಹಾರ್ನ್ ಸ್ವಲ್ಪ ಜೋರಾಗುತ್ತದೆ. "ಹೊಸ ಕೆಪಾಸಿಟರ್ ಚುಚ್ಚುತ್ತದೆ" ಎನ್ನುವವರು ಕೇಳುತ್ತಿರುವುದು ಇದನ್ನೇ. ಅರ್ಧ ಓಮ್ ಸರಣಿಯಲ್ಲಿ ಸೇರಿಸಿದರೆ ಸರಿಹೋಗುತ್ತದೆ. ಕ್ರಾಸ್‌ಓವರಿನ ಕಾಯಿಲುಗಳು ಸರಿಯಿದ್ದರೆ ಮುಟ್ಟಬೇಡಿ, ಎರಡು ಕಾಯಿಲ್ ಹತ್ತಿರವಿದ್ದರೆ ಒಂದನ್ನೊಂದಕ್ಕೆ ಅಡ್ಡಲಾಗಿ ತಿರುಗಿಸಿ.

ವಯರಿಗೆ 5 ಮೀಟರಿನವರೆಗೆ 1.5 ಚದರ ಮಿಲಿಮೀಟರ್ ಸಾಕು. ಬರಿ ತಾಮ್ರಕ್ಕಿಂತ ತವರ ಲೇಪಿಸಿದ್ದು ನಮ್ಮ ಕಡಲಿನ ಗಾಳಿಗೆ ಬಾಳುತ್ತದೆ. ಬರಿ ತಾಮ್ರ ಎರಡು ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಆಂಪ್ಲಿಫಯರಿನ ವಾಟಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. 97 ಡೆಸಿಬಲಿನ ಜೋಡಿ 3 ಮೀಟರಿನಲ್ಲಿ ತಲಾ ಒಂದೇ ವಾಟಿಗೆ 90 ಡೆಸಿಬಲ್ ಮುಟ್ಟುತ್ತದೆ. ಮೊದಲ ಒಂದು ವಾಟ್ ಶುದ್ಧವಾಗಿರುವ, ಸದ್ದಿಲ್ಲದ ಆಂಪ್ಲಿಫಯರ್ ಆರಿಸಿ.

ಮಳೆಗಾಲ

ಹೊಸ ಪೆಟ್ಟಿಗೆ ಮಾಡಿಸುವವರು ಎಂಡಿಎಫ್ ಬೇಡ ಎನ್ನಿ, ಆಟಿ ತಿಂಗಳು ಕಳೆಯುವಾಗ ಅಂಚು ಉಬ್ಬಿರುತ್ತದೆ. ಐಎಸ್ 710 ಗುರುತಿನ 18 ಮಿಲಿಮೀಟರ್ ಮೆರೈನ್ ಪ್ಲೈವುಡ್ ಹಾಕಿಸಿ. ಕೋನಿನ ಸುತ್ತ ಫೋಮ್ ಅಂಚಿನ ವೂಫರ್ ಕೊಳ್ಳಬೇಡಿ, ಅದು ಹುಡಿಯಾಗುತ್ತದೆ. ಬಟ್ಟೆಯ ನೆರಿಗೆಯ ಅಂಚು ದಶಕಗಳು ಬಾಳುತ್ತದೆ. ಜೂನಿನಲ್ಲಿ ನೆಲ ಬೆವರುವ ಮೊದಲು ಪೆಟ್ಟಿಗೆಯ ಕೆಳಗೆ ಎರಡು ಇಂಚಿನ ರೀಪು ಕೊಟ್ಟು ಎತ್ತಿ, ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತದೆ. ಹಾರ್ನಿನ ಬಾಯಿಗೆ ಹತ್ತಿಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಒಳಗೇ ತೇವ ಹಿಡಿದಿಡುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಾಡು ಹಾಕಿದರೆ ಕೋನಿಗೆ ಬೂಸ್ಟು ಹತ್ತುವುದು ಕಡಿಮೆ. ಗುಡುಗು ಕೇಳಿದರೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಬಹಳ ದಿನ ಬಿಟ್ಟು ಹಾಕುವಾಗ ಟಾರ್ಚ್ ಹಿಡಿದು ಹಾರ್ನಿನ ಗಂಟಲು ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜದ ಹುಳುವಿಗೆ ಒಂದು ಇಂಚಿನ ಕತ್ತಲ ತೂತು ಬಹಳ ಇಷ್ಟ. ಗೂಡು ಕಂಡರೆ ಕಡ್ಡಿ ಹಾಕಿ ಕೆದಕಬೇಡಿ, ಮಣ್ಣು ಡಯಾಫ್ರಾಮಿನ ಕಡೆಗೆ ಬೀಳುತ್ತದೆ. ಹಾರ್ನನ್ನು ಬಾಯಿ ಕೆಳಗೆ ಮಾಡಿ ಹಿಡಿದು, ಡ್ರೈವರ್ ಬಿಚ್ಚಿ, ಗೂಡನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ ತೆಗೆಯಿರಿ.